ಉಪ್ಪುಗಾಳಿಯ ಊರಿನಲ್ಲಿ ಎಂ.ಜಿ. ಟಿ.ಸಿ.ಯ ಕಡ್ಡಿಚಕ್ರಗಳಿಗೆ ಯಾವ ಲೇಪನ ಬಾಳಿಕೆ ಬಂದೀತು?

ಕುಡ್ಲದ ಹಳೆಗಾಡಿ, ಮಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1948ರ ಎಂ.ಜಿ. ಟಿ.ಸಿ. ಕಾರು ಒಂದಿದೆ. ತಂದೆಯವರ ಕಾಲದಿಂದಲೂ ಓಡುತ್ತಿರುವ ಗಾಡಿ ಇದು. ಎಂಜಿನ್ನಿಗಾಗಲಿ ಮೈಯ ಮರದ ಚೌಕಟ್ಟಿಗಾಗಲಿ ಸದ್ಯಕ್ಕೆ ದೊಡ್ಡ ತೊಂದರೆಯಿಲ್ಲ. ನನ್ನ ನಿದ್ದೆ ಕೆಡಿಸಿರುವುದು ಅದರ ಚಕ್ರಗಳು. ಈ ಕಾರಿನ ಅಂದವೆಲ್ಲ ಅದರ ಎತ್ತರದ, ತೆಳುವಾದ, 19 ಇಂಚಿನ ಕಡ್ಡಿಚಕ್ರಗಳಲ್ಲೇ ಇದೆ ಎಂಬುದನ್ನು ಬಲ್ಲವರು ಒಪ್ಪುತ್ತಾರೆ. ಚಕ್ರವೊಂದಕ್ಕೆ 48 ಕಡ್ಡಿಗಳು. ಹಿಂಬದಿಯಲ್ಲಿ ಕಟ್ಟಿರುವ ಬಿಡಿಚಕ್ರವೂ ಸೇರಿದರೆ ಒಟ್ಟು 240.

ಆರು ವರ್ಷಗಳ ಹಿಂದೆ ಐದೂ ಚಕ್ರಗಳನ್ನು ಬೇರೆ ಊರಿನ ಒಂದು ಕಾರ್ಖಾನೆಗೆ ಕಳುಹಿಸಿ, ಕಡ್ಡಿಗಳನ್ನು ಬಿಚ್ಚದೆ ಇದ್ದ ಹಾಗೆಯೇ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ, ಬೆಳ್ಳಿ ಬಣ್ಣದ ಪೌಡರ್ ಕೋಟಿಂಗ್ (ಪುಡಿಯನ್ನು ಅಂಟಿಸಿ ಒಲೆಯಲ್ಲಿ ಕರಗಿಸುವ ಲೇಪನ) ಮಾಡಿಸಿದ್ದೆ. ಮನೆಗೆ ಬಂದಾಗ ಅವು ಹೊಸ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಮೊದಲ ಮಳೆಗಾಲ ಏನೂ ಆಗದೆ ಕಳೆಯಿತು. ಎರಡನೆಯ ವರ್ಷ ಆಟಿ ತಿಂಗಳು ಮುಗಿಯುವ ಹೊತ್ತಿಗೆ, ಕಡ್ಡಿಯ ತುದಿಯ ನಿಪ್ಪಲ್ (ಕಡ್ಡಿಯನ್ನು ಬಿಗಿಯುವ ಸಣ್ಣ ನಟ್ಟು) ರಿಮ್ಮಿನೊಳಗೆ ಹೋಗುವ ಜಾಗಗಳಿಂದ ಕಂದು ಬಣ್ಣದ ಸಣ್ಣ ಗೆರೆಗಳು ಕಣ್ಣೀರಿನಂತೆ ಇಳಿದಿದ್ದವು. ಮೂರನೆಯ ವರ್ಷ ಒಂದು ಗುಳ್ಳೆಯನ್ನು ಉಗುರಿನಿಂದ ಕೆರೆದು ನೋಡಿದೆ. ಅಂಗೈಯಗಲದ ಪದರ ಹಸಿ ಹಾಲಿನ ಕೆನೆಯಂತೆ ಒಂದೇ ತುಂಡಾಗಿ ಎದ್ದು ಬಂತು. ಕೆಳಗಿನ ಉಕ್ಕು ಒದ್ದೆಯಾಗಿ ಕಪ್ಪಗಿತ್ತು. ಇನ್ನೂ ಭಯವಾದದ್ದು ಬೇರೆಯದೇ ಕಾರಣಕ್ಕೆ. ಹಿಂದಿನ ಎಡಚಕ್ರದ ಒಂದು ಕಡ್ಡಿ ಹಬ್ಬಿನ (ಚಕ್ರದ ನಡುವಿನ ಗುಂಬದ) ಬಳಿಯ ಬಾಗಿನಲ್ಲಿ ಪೂರ್ತಿಯಾಗಿ ತುಂಡಾಗಿತ್ತು, ಆದರೂ ಮೇಲಿನ ಲೇಪನವೇ ಅದನ್ನು ಹಿಡಿದುಕೊಂಡಿದ್ದರಿಂದ ಹೊರಗಿನಿಂದ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ನಮ್ಮ ಮನೆ ಸಮುದ್ರದಿಂದ ಎರಡು ಕಿಲೋಮೀಟರ್ ಒಳಗಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ. ಮತ್ತೆ ಪೌಡರ್ ಕೋಟಿಂಗನ್ನೇ ಸರಿಯಾಗಿ ಮಾಡಿಸು ಎನ್ನುವವರಿದ್ದಾರೆ, ಕ್ರೋಮ್ ಮಾಡಿಸು ಎನ್ನುವವರಿದ್ದಾರೆ, ಹಳೆಯ ಕಾಲದಂತೆ ಬಣ್ಣವೇ ಸಾಕು ಎನ್ನುವವರೂ ಇದ್ದಾರೆ. ಕಾರನ್ನು ಪ್ರದರ್ಶನಕ್ಕೆಂದು ಇಟ್ಟುಕೊಂಡಿಲ್ಲ. ಮಳೆ ಇಲ್ಲದ ವಾರಗಳಲ್ಲಿ ಓಡಿಸುತ್ತೇನೆ, ದಾರಿಯಲ್ಲಿ ಮಳೆ ಬಂದರೆ ನೆನೆಯುತ್ತದೆ. ಈ ಬಾರಿ ಮಾಡಿಸಿದ ಕೆಲಸ ಹದಿನೈದು ವರ್ಷವಾದರೂ ಬಾಳಬೇಕೆಂಬುದು ನನ್ನ ಆಸೆ. ಅನುಭವವುಳ್ಳವರು ದಯವಿಟ್ಟು ಕಾರಣಸಹಿತ ತಿಳಿಸಬೇಕು.

ಬಣ್ಣದ ಕೊಟ್ಟಿಗೆ, ಬೆಂಗಳೂರು

ತಮ್ಮ ಚಕ್ರಗಳ ವಿವರ ಓದಿ ಬೇಸರವಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಹಳೆಯ ಕಾರುಗಳಿಗೆ ಬಣ್ಣ ಹಾಕುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ, ಇದೇ ಕಥೆಯ ಚಕ್ರಗಳು ನನ್ನ ಕೈಗೆ ಹಲವು ಬಾರಿ ಬಂದಿವೆ. ಮೇಲೆ ತಳಕು, ಒಳಗೆ ಹುಳುಕು ಎಂಬ ಗಾದೆ ಇಂಥ ಚಕ್ರಕ್ಕೆ ಅಕ್ಷರಶಃ ಒಪ್ಪುತ್ತದೆ.

ಲೇಪನ ಆಯುವ ಮುನ್ನ ಚಕ್ರದ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳಬೇಕು. ಕಡ್ಡಿಚಕ್ರದಲ್ಲಿ ಕಾರಿನ ಭಾರ ಕೆಳಗಿನ ಕಡ್ಡಿಗಳ ಮೇಲೆ ಕಂಬದ ಮೇಲೆ ನಿಂತಂತೆ ನಿಂತಿರುವುದಿಲ್ಲ. ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿತ ಸ್ವಲ್ಪ ಸಡಿಲಗೊಂಡು, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ತಮ್ಮ ಟಿ.ಸಿ.ಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಸುತ್ತುತ್ತದೆ. ಎಂದರೆ ಮಂಗಳೂರಿನಿಂದ ಉಡುಪಿಗೆ ಹೋಗಿ ಬರುವಷ್ಟರಲ್ಲಿ ಪ್ರತಿಯೊಂದು ನಿಪ್ಪಲ್ಲಿನ ಬುಡವೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಐವತ್ತು ಸಾವಿರ ಬಾರಿ ಅಲುಗಿರುತ್ತದೆ. ಆ ಬುಡದಲ್ಲಿ ಗಡುಸಾದ ದಪ್ಪ ಪದರ ಕೂತಿದ್ದರೆ ಅದು ಬಿರುಕು ಬಿಡಲೇಬೇಕು. ಬಿರುಕಿನಿಂದ ನೀರು ಒಳಗಿಳಿಯುತ್ತದೆ, ಆದರೆ ಹೊರಗೆ ಬರಲು ಅದಕ್ಕೆ ದಾರಿಯಿಲ್ಲ. ತಾವು ಕಂಡ ಕಂದು ಕಣ್ಣೀರು ಅಲ್ಲಿಂದ ಬಂದದ್ದು.

ಪೌಡರ್ ಕೋಟಿಂಗಿನ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುತ್ತದೆ. ಪುಡಿಗೆ ವಿದ್ಯುತ್ ಆವೇಶ ಕೊಟ್ಟು ಲೋಹಕ್ಕೆ ಅಂಟಿಸುವುದರಿಂದ ಅದು ಅಂಚುಗಳಿಗೂ ಎದ್ದು ಕಾಣುವ ಭಾಗಗಳಿಗೂ ಧಾರಾಳವಾಗಿ ಹಿಡಿಯುತ್ತದೆ, ಸಂದುಗಳಿಗೆ ಮಾತ್ರ ಹೋಗಲೊಲ್ಲದು. ಇದಕ್ಕೆ ನಮ್ಮ ಕಸುಬಿನವರು ಫ್ಯಾರಡೆ ಪಂಜರದ ತೊಂದರೆ ಎನ್ನುತ್ತಾರೆ. ಕಡ್ಡಿಗಳು ಒಂದನ್ನೊಂದು ಹಾಯುವ ಜಾಗ, ಹಬ್ಬಿನ ಬಳಿಯ ಬಾಗು, ನಿಪ್ಪಲ್ಲಿನ ಹಿಂಭಾಗ ಇವೆಲ್ಲ ಅಂಥ ಸಂದುಗಳೇ. ಹೀಗಾಗಿ ರಕ್ಷಣೆ ಹೆಚ್ಚು ಬೇಕಾದಲ್ಲಿ ಪುಡಿ ತೆಳುವಾಗಿಯೂ, ಅಷ್ಟೇನೂ ಬೇಡದಲ್ಲಿ ದಪ್ಪವಾಗಿಯೂ ಕೂರುತ್ತದೆ. ಅಲ್ಲದೆ 180ರಿಂದ 200 ಡಿಗ್ರಿಯಲ್ಲಿ ಕರಗಿ ಗಟ್ಟಿಯಾದ ಪುಡಿ ನಿಪ್ಪಲ್ಲಿನ ಸೀಳುಗಳಲ್ಲೂ ತುಂಬಿಕೊಳ್ಳುತ್ತದೆ. ಮುಂದೆ ಚಕ್ರದ ಓಲಾಟ ತೆಗೆಯಲು ನಿಪ್ಪಲ್ ತಿರುಗಿಸಿದ ತಕ್ಷಣ ಪದರ ಒಡೆಯುತ್ತದೆ, ಒಡೆದದ್ದನ್ನು ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ.

ಬಿಚ್ಚಿ, ಬಿಡಿಭಾಗಗಳಿಗೆ ಪೌಡರ್ ಮಾಡಿಸಿ, ಆಮೇಲೆ ಕಡ್ಡಿ ಹೆಣೆದರೆ ಆಗದೇ ಎಂದು ಕೇಳಬಹುದು. ಮಾಡುವವರಿದ್ದಾರೆ. ಆಗ ರಿಮ್ಮಿನಲ್ಲಿ ನಿಪ್ಪಲ್ ಕೂರುವ ಕುಳಿಗಳನ್ನು ಒಂದೊಂದಾಗಿ ಮುಚ್ಚಿ ಬರಿಲೋಹವಾಗಿಯೇ ಉಳಿಸಬೇಕು. ಹಾಗೆ ಮಾಡದಿದ್ದರೆ ನಿಪ್ಪಲ್ ಲೋಹದ ಮೇಲೆ ಕೂರುವ ಬದಲು ಪ್ಲಾಸ್ಟಿಕ್ಕಿನಂಥ ಪದರದ ಮೇಲೆ ಕೂರುತ್ತದೆ. ಭಾರಕ್ಕೆ ಆ ಪದರ ಮೆಲ್ಲಗೆ ತಗ್ಗಿದಂತೆಲ್ಲ ಕಡ್ಡಿಗಳು ಸಡಿಲವಾಗುತ್ತವೆ. ಕುಳಿಗಳನ್ನು ಮುಚ್ಚಿದರೆ ಅಲ್ಲಿ ಬರಿಲೋಹ ಉಳಿದು, ಅದಕ್ಕೆ ಬೇರೆ ರಕ್ಷಣೆ ಹುಡುಕಬೇಕಾಗುತ್ತದೆ.

ಆದ್ದರಿಂದ ನನ್ನ ಆಯ್ಕೆ ಬಣ್ಣ. ಹೆಣೆದು, ಬಿಗಿದು, ಓಲಾಟ ತೆಗೆದು ಮುಗಿಸಿದ ಚಕ್ರದ ಮೇಲೆ ತೆಳುವಾದ ಎಪಾಕ್ಸಿ ಪ್ರೈಮರ್ ಎರಡು ಕೋಟು, ಅದರ ಮೇಲೆ ಬೆಳ್ಳಿ ಬಣ್ಣ, ಕೊನೆಗೆ ಎರಡು ಅಂಶ ಬೆರೆಸುವ ಪಾಲಿಯುರಿಥೇನ್ ಕ್ಲಿಯರ್, ಎಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ಬೆಳ್ಳಿ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ. ಅದನ್ನು ಕ್ಲಿಯರ್ ಇಲ್ಲದೆ ಬಯಲಿಗೆ ಬಿಟ್ಟರೆ ಬೇಗನೆ ಬೂದುಗಟ್ಟುತ್ತದೆ. ಟಿ.ಸಿ.ಗೆ ಎಂ.ಜಿ.ಯ ಅಬಿಂಗ್ಡನ್ ಕಾರ್ಖಾನೆಯಿಂದಲೇ ಬಂದದ್ದು ಬೆಳ್ಳಿ ಬಣ್ಣದ ಚಕ್ರಗಳಾದ್ದರಿಂದ ಮೂಲರೂಪಕ್ಕೂ ಧಕ್ಕೆಯಿಲ್ಲ. ದ್ರವರೂಪದ ಬಣ್ಣ ಸಂದಿಗೆ ಹರಿಯುತ್ತದೆ, ನಿಪ್ಪಲ್ಲಿನ ಬುಡದ ಗೆರೆಯನ್ನು ತುಂಬುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ, ಕಲ್ಲು ಬಡಿದು ಚಕ್ಕೆ ಎದ್ದಾಗ ಅಥವಾ ನಿಪ್ಪಲ್ ತಿರುಗಿಸಿದಾಗ, ಅದೇ ದಿನ ಸಣ್ಣ ಕುಂಚದಿಂದ ಮುಚ್ಚಬಹುದು. ಈ ಬಗೆಯ ಚಕ್ರಕ್ಕೆ ಬಹಳ ಗಟ್ಟಿಯಾದ ಲೇಪನಕ್ಕಿಂತ ಕೈಯಲ್ಲೇ ದುರಸ್ತಿ ಮಾಡಬಹುದಾದ ಲೇಪನ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ.

ಒಂದು ಎಚ್ಚರಿಕೆ: ಈ ಪಾಲಿಯುರಿಥೇನಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಬಿಡುವುದು ಕಷ್ಟ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಪಡೆಯುವ ಮುಖವಾಡವಿಲ್ಲದೆ ಇದನ್ನು ಸಿಂಪಡಿಸಲು ಯಾರಿಗೂ ಹೇಳಬೇಡಿ. ಕಡಿಮೆ ಹಣಕ್ಕೆ ಬರಿಮೂಗಿನಲ್ಲಿ ಸಿಂಪಡಿಸಲು ಒಪ್ಪುವ ಹುಡುಗರು ಸಿಗುತ್ತಾರೆ; ಅವರಿಂದ ಈ ಕೆಲಸ ಮಾಡಿಸಿಕೊಳ್ಳುವುದು ತಪ್ಪು.

ಪೀಣ್ಯದ ಲೋಹಲೇಪಕ

ಮೇಲಿನ ಮಾತುಗಳಿಗೆ ನನ್ನ ಪೂರ್ಣ ಸಮ್ಮತಿಯಿದೆ. ಕ್ರೋಮಿನ ವಿಷಯವಷ್ಟನ್ನೇ ಸೇರಿಸುತ್ತೇನೆ, ಏಕೆಂದರೆ ಅದು ನನ್ನ ಕಸುಬು.

ಜನ ಕ್ರೋಮ್ ಎಂದು ನೋಡಿ ಮೆಚ್ಚುವ ಪದರದ ದಪ್ಪ ಒಂದು ಮೈಕ್ರಾನಿನ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಬಿರುಕುಗಳಿರುತ್ತವೆ. ತುಕ್ಕನ್ನು ತಡೆಯುವ ಕೆಲಸವೆಲ್ಲ ಅದರ ಕೆಳಗಿನ ನಿಕ್ಕಲ್ಲಿನದು. ಉಪ್ಪುಗಾಳಿಗೆ ಒಡ್ಡುವ ಉಕ್ಕಿಗೆ ಎರಡು ಪದರದ ನಿಕ್ಕಲ್ ಕನಿಷ್ಠ 30 ಮೈಕ್ರಾನ್ ಆದರೂ ಕೂರಬೇಕು. ಲೇಪನದ ತೊಟ್ಟಿಯಲ್ಲಿ ವಿದ್ಯುತ್ತು ಅಂಚುಗಳಿಗೆ ಹೆಚ್ಚಾಗಿಯೂ ಸಂದುಗಳಿಗೆ ಕಡಿಮೆಯಾಗಿಯೂ ಹರಿಯುತ್ತದೆ. ಹೀಗಾಗಿ ರಿಮ್ಮಿನ ಅಂಚಿನಲ್ಲಿ 30 ಮೈಕ್ರಾನ್ ಕೂತಾಗ, ಹಬ್ಬಿನ ಒಳಬಾಗಿನಲ್ಲಿ ಅದರ ಕಾಲುಭಾಗವೂ ಕೂತಿರುವುದಿಲ್ಲ. ಇನ್ನೊಂದು ಮಾತು. ಸತು ತಾನು ಕರಗಿ ಉಕ್ಕನ್ನು ಉಳಿಸುತ್ತದೆ, ನಿಕ್ಕಲ್ಲಿಗೆ ಆ ಗುಣವಿಲ್ಲ. ನಿಕ್ಕಲ್ಲಿನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅದರ ಕೆಳಗಿನ ಉಕ್ಕು ಬರಿಯ ಉಕ್ಕಿಗಿಂತ ಬೇಗ ತಿನ್ನಲ್ಪಡುತ್ತದೆ. ಮಂಗಳೂರಿನ ಗಾಳಿಯಲ್ಲಿ ಕ್ರೋಮ್ ಚಕ್ರ ನಿತ್ಯವೂ ಒರೆಸುವವರಿಗೆ ಮಾತ್ರ ಸರಿ.

ಇದಕ್ಕಿಂತ ಗಂಭೀರವಾದ ಸಂಗತಿ ಕಡ್ಡಿಗಳ ಬಲಕ್ಕೆ ಸಂಬಂಧಿಸಿದ್ದು. ಲೇಪನಕ್ಕೆ ಮುನ್ನ ಆಮ್ಲದಲ್ಲಿ ಅದ್ದುವಾಗಲೂ, ಲೇಪನ ನಡೆಯುವಾಗಲೂ ಹೈಡ್ರೋಜನ್ ಹುಟ್ಟುತ್ತದೆ. ಅದರ ಸ್ವಲ್ಪ ಭಾಗ ಉಕ್ಕಿನೊಳಗೆ ಸೇರುತ್ತದೆ. ಮೆದು ಉಕ್ಕಿಗೆ ಇದರಿಂದ ಅಷ್ಟೇನೂ ಹಾನಿಯಿಲ್ಲ. ಎಳೆದು ಗಡುಸು ಮಾಡಿದ, ಸದಾ ಬಿಗಿತದಲ್ಲಿರುವ ಕಡ್ಡಿಗೆ ಮಾತ್ರ ಇದು ಅಪಾಯಕಾರಿ. ಹೊರಗೆ ಯಾವ ಸುಳಿವೂ ಕೊಡದೆ ಒಂದು ದಿನ ಗಾಜಿನಂತೆ ಮುರಿಯುತ್ತದೆ. ಪರಿಹಾರವಿದೆ: ಲೇಪನ ಮುಗಿದ ನಾಲ್ಕು ಗಂಟೆಗಳೊಳಗೆ ಕಡ್ಡಿಗಳನ್ನು 190ರಿಂದ 220 ಡಿಗ್ರಿಯ ಒಲೆಯಲ್ಲಿ ಹಲವು ಗಂಟೆಗಳ ಕಾಲ ಕಾಯಿಸಿ ಹೈಡ್ರೋಜನ್ನನ್ನು ಹೊರಹಾಕಬೇಕು. ಈ ಕಾಯಿಸುವಿಕೆಯನ್ನು ಲಿಖಿತವಾಗಿ ಒಪ್ಪಿಕೊಳ್ಳದ ಯಾವ ಘಟಕಕ್ಕೂ ಕಡ್ಡಿಗಳನ್ನು ಕೊಡಬೇಡಿ. ಹೆಣೆದ ಚಕ್ರವನ್ನು ಹಾಗೆಯೇ ತೊಟ್ಟಿಯಲ್ಲಿ ಮುಳುಗಿಸಿ ಕ್ರೋಮ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರವಂತೂ ಹೋಗಲೇಬೇಡಿ. ಕಡ್ಡಿಗಳು ಹಾಯುವ ಸಂದುಗಳಲ್ಲಿ ಸಿಕ್ಕಿಬಿದ್ದ ಆಮ್ಲ ಎಷ್ಟು ತೊಳೆದರೂ ಹೋಗದು, ತಿಂಗಳುಗಟ್ಟಲೆ ಒಳಗಿನಿಂದಲೇ ತಿನ್ನುತ್ತಿರುತ್ತದೆ. ಹಳೆಯ ಬಣ್ಣವನ್ನು ಆಮ್ಲದಿಂದ ತೆಗೆಸುವುದಕ್ಕೂ ಇದೇ ಕಾರಣದಿಂದ ನನ್ನ ವಿರೋಧವಿದೆ.

ಇತಿಹಾಸದ ದೃಷ್ಟಿಯಿಂದ ಒಂದು ಸಣ್ಣ ಮಾತು, ಬೇರೆ ಓದುಗರಿಗಾಗಿ. ಕಾರುಗಳಲ್ಲಿ ಕ್ರೋಮ್ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕೂ ಹಿಂದಿನ ಕಾರಿನ ಹೊಳೆಯುವ ಭಾಗಗಳಿಗೆ ಸಲ್ಲುವುದು ನಿಕ್ಕಲ್, ಅದರಲ್ಲೊಂದು ಹಳದಿ ಮಿಶ್ರಿತ ಮೃದುವಾದ ಕಾಂತಿ ಇರುತ್ತದೆ. 1924ರ ಕಾರಿಗೆ ನೀಲಿಹೊಳಪಿನ ಕ್ರೋಮ್ ಚಕ್ರ ತೊಡಿಸಿದ್ದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಕುಡ್ಲದ ಹಳೆಗಾಡಿ, ಮಂಗಳೂರು

ಇಬ್ಬರಿಗೂ ಅನಂತ ಧನ್ಯವಾದಗಳು. ಕ್ರೋಮಿನ ಯೋಚನೆಯನ್ನು ಇಲ್ಲಿಗೇ ಬಿಟ್ಟೆ. ಎರಡು ಸಂದೇಹಗಳು ಉಳಿದಿವೆ. ಒಂದು, ಕಡ್ಡಿಗಳನ್ನೇ ಸ್ಟೇನ್‌ಲೆಸ್ ಸ್ಟೀಲಿನವು ಹಾಕಿಸಿ, ರಿಮ್ಮಿಗೂ ಹಬ್ಬಿಗೂ ಮಾತ್ರ ಬಣ್ಣ ಹಾಕಿಸಿದರೆ ಹೇಗೆ? ಇನ್ನೊಂದು, ನನ್ನ ಚಕ್ರಗಳಲ್ಲಿ ಗುಳ್ಳೆಗಳು ಎದ್ದದ್ದು ನಿಪ್ಪಲ್ಲಿನ ಬುಡದಲ್ಲಿ ಮಾತ್ರವಲ್ಲ, ಬಿರುಕೇ ಇಲ್ಲದ ರಿಮ್ಮಿನ ನುಣುಪು ಭಾಗದಲ್ಲೂ ಎದ್ದಿವೆ. ಅದಕ್ಕೇನು ಕಾರಣ?

ಕವೆಂಟ್ರಿಯ ಕನ್ನಡಿಗ

ಇಂಗ್ಲೆಂಡಿನಲ್ಲಿರುವ ಈ ಚಕ್ರಗಳ ತವರೂರಿನಿಂದಲೇ ಬರೆಯುತ್ತಿದ್ದೇನೆ. ನಡುವಿನ ಒಂದೇ ದೊಡ್ಡ ನಟ್ಟಿನಿಂದ ಕಳಚಬಹುದಾದ ಕಡ್ಡಿಚಕ್ರವನ್ನು ಕಳೆದ ಶತಮಾನದ ಮೊದಲ ದಶಕದಲ್ಲಿ ಪ್ರಚಾರಕ್ಕೆ ತಂದ ರಡ್ಜ್–ವಿಟ್‌ವರ್ತ್ ಕಂಪನಿ ಇಲ್ಲಿ ಬೈಸಿಕಲ್ ಮಾಡುತ್ತಿದ್ದ ಕಂಪನಿಯೇ ಆಗಿತ್ತು. ನನ್ನದು 1970ರ ಎಂ.ಜಿ.ಬಿ.; 14 ಇಂಚಿನ, 60 ಕಡ್ಡಿಗಳ ಚಕ್ರಗಳು. ಇಲ್ಲಿ ಸಮುದ್ರ ದೂರ, ಆದರೆ ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಕಲ್ಲುಪ್ಪು ಎರಚುತ್ತಾರೆ. ತಮಗೆ ಗಾಳಿಯಲ್ಲಿ ಬರುವ ಉಪ್ಪು ನಮಗೆ ನೆಲದಿಂದ ಹಾರುತ್ತದೆ.

ನಾನು ಹನ್ನೊಂದು ವರ್ಷಗಳ ಹಿಂದೆ ಬಣ್ಣದ ರಿಮ್ಮು ಮತ್ತು ಸ್ಟೇನ್‌ಲೆಸ್ ಕಡ್ಡಿಗಳ ಚಕ್ರಗಳನ್ನು ಹೆಣೆಸಿದೆ. ಕಡ್ಡಿಗಳು ಇಂದಿಗೂ ಹಾಗೆಯೇ ಇವೆ. ಕಡ್ಡಿಗಳು ಕಣ್ಣು ಕುಕ್ಕುವಂತೆ ಹೊಳೆದರೆ ಹಳೆಯ ಕಾರಿಗೆ ಒಪ್ಪುವುದಿಲ್ಲವೆಂದು, ಹೆಣೆಯುವ ಮುನ್ನ ಅವಕ್ಕೆ ನುಣ್ಣನೆಯ ಗಾಜುಮಣಿ ಹೊಡೆಸಿ ಹೊಳಪು ತಗ್ಗಿಸಿದೆ. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಬೆಳ್ಳಿ ಬಣ್ಣದ ಕಡ್ಡಿಯೆಂದೇ ತೋರುತ್ತದೆ. ಬಣ್ಣದ ಚಕ್ಕೆ ಎದ್ದರೂ ಕಡ್ಡಿ ತುಕ್ಕು ಹಿಡಿಯದೆಂಬ ನೆಮ್ಮದಿ ಇದರ ದೊಡ್ಡ ಲಾಭ.

ಆದರೆ ಸ್ಟೇನ್‌ಲೆಸ್ ಎಂದರೆ ಚಿಂತೆಯೇ ಇಲ್ಲವೆಂದು ತಿಳಿಯಬಾರದು. ಸಾಮಾನ್ಯವಾದ 304 ದರ್ಜೆಯ ಸ್ಟೇನ್‌ಲೆಸ್ಸಿಗೂ ಕಡಲತೀರದಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆಗಳು ಬರುತ್ತವೆ. ಸಿಹಿನೀರಿನಿಂದ ಆಗಾಗ ತೊಳೆಯುತ್ತಿದ್ದರೆ ಅವು ತಲೆ ಎತ್ತುವುದಿಲ್ಲ. ಸ್ಟೇನ್‌ಲೆಸ್ ತಿರುಪಿನ ಮರೆಗಳು (ಸುರುಳಿ ಗೀರುಗಳು) ಬಿಗಿಯುವಾಗ ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವದವು, ಆದ್ದರಿಂದ ಮರೆಗಳಿಗೆ ಕಚ್ಚುವಿಕೆ ತಡೆಯುವ ಲೇಪ ಹಚ್ಚದೆ ಹೆಣೆಯಲು ಬಿಡಬೇಡಿ. ಮೂರನೆಯದು ಹೆಚ್ಚು ಗಮನಿಸಬೇಕಾದದ್ದು. ಸ್ಟೇನ್‌ಲೆಸ್ಸೂ ಸಾದಾ ಉಕ್ಕೂ ಉಪ್ಪುನೀರಿನಲ್ಲಿ ಒಟ್ಟಿಗೆ ನೆನೆದರೆ ಸಾದಾ ಉಕ್ಕು ಬೇಗ ಸವೆಯುತ್ತದೆ. ಎಂದರೆ ಕಡ್ಡಿ ಉಳಿದು, ನಿಪ್ಪಲ್ಲಿನ ರಂಧ್ರದ ಸುತ್ತ ರಿಮ್ಮು ತಿನ್ನಲ್ಪಡುವ ಸಂಭವವಿದೆ. ನನ್ನ ಒಂದು ಚಕ್ರದಲ್ಲಿ ಹೀಗೇ ಆಗಿತ್ತು. ಹೊರಗಿನ ಬಣ್ಣ ಚೆನ್ನಾಗಿಯೇ ಇತ್ತು. ಟೈರು ಬದಲಿಸಲೆಂದು ಬಿಚ್ಚಿ, ಟ್ಯೂಬಿನ ಕೆಳಗಿನ ರಬ್ಬರ್ ಪಟ್ಟಿಯನ್ನು ಎತ್ತಿದಾಗ, ಪ್ರತಿ ನಿಪ್ಪಲ್ಲಿನ ತಲೆಯ ಸುತ್ತಲೂ ನಾಣ್ಯದಗಲದ ತುಕ್ಕಿನ ಬಳೆ. ಹೆಣೆದವರು ರಿಮ್ಮಿನ ಹೊರಮೈಗೆ ಮೂರು ಕೋಟು ಬಣ್ಣ ಹಾಕಿ, ಟೈರು ಮುಚ್ಚುವ ಒಳಮೈಯನ್ನು ಒಂದು ತೆಳು ಕೋಟಿನಲ್ಲಿ ಮುಗಿಸಿದ್ದರು. ನೀರು ಕಡ್ಡಿಯ ರಂಧ್ರದಿಂದ ಒಳಸೇರಿ ರಬ್ಬರ್ ಪಟ್ಟಿಯ ಕೆಳಗೆ ನಿಂತಿತ್ತು. ಆದ್ದರಿಂದ ತಾವು ಯಾವ ಲೇಪನ ಆಯ್ದರೂ ಕಣ್ಣಿಗೆ ಕಾಣದ ಆ ಒಳಮೈಗೆ ಹೊರಮೈಯಷ್ಟೇ ಕೋಟು ಹಾಕಿಸಿ, ನಿಪ್ಪಲ್ ತಲೆಗಳ ಮೇಲೆ ಎಪಾಕ್ಸಿಯನ್ನು ಕುಂಚದಿಂದ ಹಚ್ಚಿಸಿ. ಹೊರಚಾಚಿದ ಕಡ್ಡಿತುದಿಗಳನ್ನು ಅದಕ್ಕೂ ಮೊದಲೇ ಅರೆದು ಸಮ ಮಾಡಿರಬೇಕು, ಇಲ್ಲವಾದರೆ ಟ್ಯೂಬು ತೂತಾಗುತ್ತದೆ.

ಮೈಸೂರು ಮಾಡೆಲ್ ಎ

ಪೌಡರ್ ಕೋಟಿಂಗನ್ನು ಸಾರಾಸಗಟಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ನನ್ನ 1930ರ ಫೋರ್ಡ್ ಮಾಡೆಲ್ ಎ ಕಾರಿನ 19 ಇಂಚಿನ ಚಕ್ರಗಳಿಗೆ ಎಂಟು ವರ್ಷಗಳ ಹಿಂದೆ ಮಾಡಿಸಿದ್ದು ಇಂದಿಗೂ ಕಲೆಯಿಲ್ಲದೆ ಇದೆ. ಆ ಚಕ್ರಗಳಲ್ಲಿ ಕಡ್ಡಿಗಳನ್ನು ರಿಮ್ಮಿಗೂ ನಡುಬಟ್ಟಲಿಗೂ ಬೆಸೆದಿರುತ್ತಾರೆ. ನಿಪ್ಪಲ್ ಇಲ್ಲ, ತಿರುಗಿಸುವ ಮಾತಿಲ್ಲ, ಕಡ್ಡಿಗಳ ನಡುವೆ ಅಂತರವೂ ಹೆಚ್ಚು. ಪುಡಿ ಎಲ್ಲ ಕಡೆಗೂ ತಲುಪುತ್ತದೆ. ಹೊರಗೆ ಓಡುವ ಗಾಡಿಗೆ ಪಾಲಿಯೆಸ್ಟರ್ ಪುಡಿಯನ್ನೇ ಕೇಳಿ ಹಾಕಿಸಬೇಕು, ಬರಿಯ ಎಪಾಕ್ಸಿ ಪುಡಿ ಬಿಸಿಲಿಗೆ ಸುಣ್ಣದಂತಾಗುತ್ತದೆ. ಬೆಸೆದ ಕಡ್ಡಿಯ ಚಕ್ರಗಳಿರುವವರು ಈ ಚರ್ಚೆ ಓದಿ ಹೆದರಬಾರದೆಂದು ಇಷ್ಟು ಬರೆದೆ.

ಬಣ್ಣದ ಕೊಟ್ಟಿಗೆ, ಬೆಂಗಳೂರು

ಮೈಸೂರಿನವರ ಮಾತು ಸರಿ. ನನ್ನ ಆಕ್ಷೇಪ ನಿಪ್ಪಲ್ ಇರುವ ಚಕ್ರಗಳಿಗಷ್ಟೇ ಅನ್ವಯಿಸುತ್ತದೆ ಎಂದು ಮೊದಲೇ ಸ್ಪಷ್ಟಪಡಿಸಬೇಕಿತ್ತು. ಮಾಡೆಲ್ ಎ ಚಕ್ರ ತಂದುಕೊಟ್ಟರೆ ನಾನೂ ಪೌಡರ್ ಕೋಟಿಂಗಿಗೇ ಕಳುಹಿಸುತ್ತೇನೆ.

ಈಗ ಮಂಗಳೂರಿನವರ ಎರಡನೆಯ ಸಂದೇಹ. ನುಣುಪು ಭಾಗದಲ್ಲಿ ಗುಳ್ಳೆ ಎದ್ದಿರುವುದಕ್ಕೆ ಬಹುಮಟ್ಟಿಗೆ ಕಾರಣ ಲೇಪನವಲ್ಲ, ಅದರ ಕೆಳಗೆ ಉಳಿದ ಉಪ್ಪು. ಎಪ್ಪತ್ತು ವರ್ಷ ಕಡಲಗಾಳಿ ಕುಡಿದ ಉಕ್ಕಿನ ಮೈಯಲ್ಲಿ ಸೂಜಿಮೊನೆಯಷ್ಟು ಕುಳಿಗಳಿರುತ್ತವೆ, ಅವುಗಳ ತಳದಲ್ಲಿ ಉಪ್ಪಿನ ಅಂಶ ಕೂತಿರುತ್ತದೆ. ಕಣ ಹೊಡೆದಾಗ ತುಕ್ಕು ಹೋಗಿ ಉಕ್ಕು ಬೆಳ್ಳಗೆ ಕಾಣುತ್ತದೆ, ಆದರೆ ಕುಳಿಯ ತಳದ ಉಪ್ಪು ಹೋಗುವುದಿಲ್ಲ. ಅದರ ಮೇಲೆ ಏನೇ ಬಳಿದರೂ ಆ ಉಪ್ಪು ಪದರದ ಮೂಲಕ ತೇವವನ್ನು ಮೆಲ್ಲಗೆ ಒಳಗೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ತಾವು ಉಗುರಿನಿಂದ ಎತ್ತಿದಾಗ ಕೆಳಗೆ ಒದ್ದೆ ಇತ್ತೆಂದು ಬರೆದಿದ್ದೀರಲ್ಲ, ಆ ನೀರನ್ನು ನಾಲಿಗೆಗೆ ಮುಟ್ಟಿಸಿದ್ದರೆ ಉಪ್ಪಗಿರುತ್ತಿತ್ತು. ಪರಿಹಾರ ಸರಳ, ಆದರೆ ತಾಳ್ಮೆ ಬೇಕು. ಒಮ್ಮೆ ಕಣ ಹೊಡೆಸಿ, ಬಿಸಿಯಾದ ಶುದ್ಧ ನೀರಿನಿಂದ ಒತ್ತಡದಲ್ಲಿ ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಬೇಕು. ಒಂದು ರಾತ್ರಿ ಬಿಟ್ಟು ನೋಡಿದರೆ ಉಪ್ಪು ಉಳಿದ ಕುಳಿಗಳು ಕಪ್ಪು ಚುಕ್ಕೆಗಳಾಗಿ ತಾವೇ ಕಾಣಿಸಿಕೊಳ್ಳುತ್ತವೆ. ಚುಕ್ಕೆಗಳು ಮೂಡುವುದು ನಿಲ್ಲುವ ತನಕ ತೊಳೆಯುವುದನ್ನೂ ಲಘುವಾಗಿ ಕಣ ಹೊಡೆಯುವುದನ್ನೂ ಮುಂದುವರಿಸಬೇಕು. ತಮ್ಮ ರಿಮ್ಮುಗಳಿಗೆ ಇದು ಎರಡು ಮೂರು ಸುತ್ತು ಬೇಕಾದೀತು.

ಕಣ ಎಂದೆ, ಮರಳು ಎನ್ನಲಿಲ್ಲ. ಮರಳಿನ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ, ಅದೊಂದೇ ಕಾರಣ ಸಾಕು. ಜೊತೆಗೆ ಒರಟು ಮರಳು ಅಚ್ಚಿನ ಮೇಲೆ ಕಚ್ಚಿ ಕೂರುವ ಹಬ್ಬಿನ ಹಲ್ಲುಗಳ ಅಂಚನ್ನೂ ತಿನ್ನುತ್ತದೆ, ಹಳೆಯ ಕಡ್ಡಿಗಳ ಮೇಲೆ ಸಣ್ಣ ಗೀರುಗಳನ್ನೂ ಮಾಡುತ್ತದೆ. ಸದಾ ಬಿಗಿತದಲ್ಲಿ ಅಲುಗುವ ಕಡ್ಡಿ ಮುರಿಯಲು ಆರಂಭವಾಗುವುದೇ ಅಂಥ ಗೀರಿನಿಂದ. ರಿಮ್ಮಿಗೆ ನುಣ್ಣನೆಯ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ಕಡಿಮೆ ಒತ್ತಡದಲ್ಲಿ ಹೊಡೆಸಿ. ಹಳೆಯ ಕಡ್ಡಿಗಳನ್ನು ಉಳಿಸಿಕೊಳ್ಳುವ ಯೋಚನೆ ಬಿಡಿ. ಒಂದು ಮುರಿದಿದೆ ಎಂದರೆ ಉಳಿದವೂ ಅಷ್ಟೇ ದಣಿದಿವೆ. 240ನ್ನೂ ಹೊಸದಾಗಿ ಹಾಕಿಸಬೇಕು, ಸ್ಟೇನ್‌ಲೆಸ್ ಆದರೆ ಕವೆಂಟ್ರಿಯವರು ಹೇಳಿದ ಮುನ್ನೆಚ್ಚರಿಕೆಗಳೊಂದಿಗೆ.

ಹಬ್ಬಿನ ಒಳಗಿನ ಹಲ್ಲುಗಳಿಗೂ, ಚಕ್ರ ಕೂರುವ ಓರೆ ಮೈಗೂ, ನಡುನಟ್ಟು ಒತ್ತುವ ಭಾಗಕ್ಕೂ ಯಾವ ಬಣ್ಣವೂ ತಾಗಬಾರದು. ಈ ಮೈಗಳು ಲೋಹಕ್ಕೆ ಲೋಹವಾಗಿ ಕೂತರೆ ಮಾತ್ರ ಚಕ್ರ ಗಟ್ಟಿಯಾಗಿ ನಿಲ್ಲುತ್ತದೆ. ನಡುವೆ ಬಣ್ಣವಿದ್ದರೆ ಅದು ನಾಲ್ಕು ದಿನದಲ್ಲಿ ಅರೆದುಹೋಗಿ, ನಟ್ಟು ಸಡಿಲಗೊಂಡು, ಬ್ರೇಕ್ ಒತ್ತಿದಾಗೆಲ್ಲ ಟಕ್ ಎಂಬ ಸದ್ದು ಕೇಳಿಸುತ್ತದೆ. ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿದರೆ ಸಾಕು. ಆ ಸದ್ದು ಈಗಾಗಲೇ ಇದ್ದರೆ ಹಲ್ಲುಗಳು ಸವೆದಿವೆ ಎಂದರ್ಥ. ಹಾಗಿದ್ದಲ್ಲಿ ಲೇಪನಕ್ಕೆ ಖರ್ಚು ಮಾಡುವ ಮುನ್ನ ಹಬ್ಬುಗಳನ್ನೇ ಬದಲಿಸಬೇಕಾಗುತ್ತದೆ.

ಕುಡ್ಲದ ಹಳೆಗಾಡಿ, ಮಂಗಳೂರು

ಇವತ್ತು ಬೆಳಿಗ್ಗೆ ಒಂದೊಂದೇ ಚಕ್ರವನ್ನು ಎತ್ತಿ, ಸಣ್ಣ ಸ್ಪಾನರಿನಿಂದ ಪ್ರತಿ ಕಡ್ಡಿಯನ್ನೂ ತಟ್ಟಿ ಕೇಳಿದೆ. ಮುಂದಿನ ಎರಡು ಚಕ್ರಗಳು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ನುಡಿದವು. ಹಿಂದಿನ ಎಡಚಕ್ರದಲ್ಲಿ ಏಳು ಕಡ್ಡಿಗಳು ತೆಂಗಿನ ಗರಟೆ ಬಡಿದಂತೆ ಮಂಕಾಗಿ ಸದ್ದು ಮಾಡಿದವು. ಹಲ್ಲುಗಳ ಕಡೆಯಿಂದ ಸದ್ದಿಲ್ಲ, ಹಬ್ಬುಗಳು ಉಳಿಯುತ್ತವೆಂದು ನಂಬಿದ್ದೇನೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಐದೂ ಚಕ್ರಗಳನ್ನು ಪೂರ್ತಿ ಬಿಚ್ಚಿಸಿ, ರಿಮ್ಮು ಹಬ್ಬುಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ, ಉಪ್ಪು ತೊಳೆಸಿ, ಮಂಕು ಹೊಳಪಿನ ಸ್ಟೇನ್‌ಲೆಸ್ ಕಡ್ಡಿಗಳಿಂದ ಹೆಣೆಸಿ, ಆಮೇಲೆ ಎಪಾಕ್ಸಿ ಮತ್ತು ಬೆಳ್ಳಿ ಬಣ್ಣ ಹಾಕಿಸುತ್ತೇನೆ. ಕೊನೆಯದಾಗಿ ಒಂದೇ ಪ್ರಶ್ನೆ: ತೊಳೆದ ರಿಮ್ಮು ಹೆಣೆಯುವವರ ಕೈಯಲ್ಲಿ ವಾರಗಟ್ಟಲೆ ಇರುತ್ತದೆ. ಅಷ್ಟರೊಳಗೆ ನಮ್ಮ ಊರಿನ ಗಾಳಿಗೆ ಅದು ಮತ್ತೆ ತುಕ್ಕು ಹಿಡಿಯದೇ?

ಬಣ್ಣದ ಕೊಟ್ಟಿಗೆ, ಬೆಂಗಳೂರು

ಹಿಡಿಯುತ್ತದೆ, ವಾರ ಬೇಡ, ಮಳೆಗಾಲದಲ್ಲಿ ಒಂದೆರಡು ಗಂಟೆ ಸಾಕು. ಹಾಗಾಗಿ ಎಪಾಕ್ಸಿ ಪ್ರೈಮರಿನ ಮೊದಲ ಕೋಟನ್ನು ಬಿಡಿ ರಿಮ್ಮಿಗೂ ಹಬ್ಬಿಗೂ ಕೊನೆಯ ಬಾರಿ ಕಣ ಹೊಡೆದ ದಿನವೇ ಹಾಕಿಬಿಡಬೇಕು. ನಿಪ್ಪಲ್ ಕೂರುವ ಕುಳಿಗಳಲ್ಲಿ ಆ ಕೋಟು ಮಂಜಿನಷ್ಟು ತೆಳುವಾಗಿರಲಿ. ಪೌಡರಿನಂತೆ ದಪ್ಪವಿಲ್ಲದ್ದರಿಂದ ನಿಪ್ಪಲ್ಲು ಅದನ್ನು ಒತ್ತಿಕೊಂಡು ಲೋಹದ ಮೇಲೆಯೇ ಕೂರುತ್ತದೆ. ಹೆಣೆದು ಸುಮಾರು ನೂರು ಕಿಲೋಮೀಟರ್ ಓಡಿಸಿ, ಕಡ್ಡಿಗಳನ್ನು ಮತ್ತೊಮ್ಮೆ ತಟ್ಟಿ ನೋಡಿ, ಸಡಿಲಾದವನ್ನು ಬಿಗಿದು, ಆಮೇಲೆ ಚಕ್ರವನ್ನು ಚೆನ್ನಾಗಿ ತೊಳೆದು, ನುಣ್ಣಗೆ ಉಜ್ಜಿ ಎರಡನೆಯ ಕೋಟನ್ನೂ ಬೆಳ್ಳಿಯನ್ನೂ ಕ್ಲಿಯರನ್ನೂ ಹಾಕಿಸಿದರೆ ನಿಪ್ಪಲ್ ಬುಡದ ಬಣ್ಣ ಒಡೆಯುವ ಪ್ರಮೇಯವೇ ಬಹಳ ಕಡಿಮೆಯಾಗುತ್ತದೆ.

ಗಾಳಿಯ ತೇವ ಶೇಕಡ 85ಕ್ಕಿಂತ ಕಡಿಮೆ ಇರುವ ದಿನವನ್ನೂ, ಉಕ್ಕಿನ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ ಮೂರು ಡಿಗ್ರಿ ಬೆಚ್ಚಗಿರುವ ಹೊತ್ತನ್ನೂ ಆರಿಸಿಕೊಳ್ಳಿ. ಮಂಗಳೂರಿನಲ್ಲೇ ಮಾಡಿಸುವುದಾದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ, ಬೆಳಿಗ್ಗೆ ಹನ್ನೊಂದರ ನಂತರ. ಬೆಳ್ಳಿ ಬಣ್ಣವನ್ನೂ ಕ್ಲಿಯರನ್ನೂ ಒಂದೊಂದು ಸಣ್ಣ ಡಬ್ಬಿಯಲ್ಲಿ ತೆಗೆದಿಟ್ಟುಕೊಳ್ಳಿ, ಗಟ್ಟಿಕಾರಕ ಬೆರೆಸದೆ, ಮುಚ್ಚಳ ಬಿಗಿಯಾಗಿ ಮುಚ್ಚಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ಬೆಳಗನ್ನು ಚಕ್ರಗಳಿಗೆಂದೇ ಮೀಸಲಿಟ್ಟು, ಎದ್ದ ಚಕ್ಕೆಗಳನ್ನೆಲ್ಲ ಕುಂಚದಿಂದ ಮುಚ್ಚಿ, ಮೇಲೆ ಮೇಣ ಹಚ್ಚಿದ ಮೇಲೆಯೇ ಮಳೆಗೆ ಇಳಿಸಿ. ಕೆಲಸ ಆರಂಭಿಸಿದಾಗ ಮೊದಲ ರಿಮ್ಮಿನ ಒಳಮೈಯ ಚಿತ್ರವನ್ನು ಇಲ್ಲಿ ಹಾಕಿ. ಕುಳಿಗಳ ಆಳ ನೋಡಿ ಎಷ್ಟು ಸುತ್ತು ತೊಳೆಯಬೇಕೆಂದು ಹೇಳುತ್ತೇನೆ.